ನಾಯಿ ಮಂಚ, ನಾಯಿ ಸ್ವೆಟರ್: ಚಿಕ್ಕಬಳ್ಳಾಪುರದ ಚಳಿಗೆ ಯಾವುದು ಬೇಕು?

ನಮ್ಮ ಮುಧೋಳ ನಾಯಿಗೆ ಬಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ ಉಣ್ಣೆ ಸ್ವೆಟರ್ ಮತ್ತು ಕಬ್ಬಿಣದ ಕಾಲಿನ ಕ್ಯಾನ್ವಾಸ್ ಮಂಚ ತಗೊಂಡೆವು. ಎರಡರಲ್ಲಿ ಮಂಚಕ್ಕೇ ನನ್ನ ಪೂರ್ತಿ ಅಂಕ. ನಂದಿ ಬೆಟ್ಟದ ಕಡೆಯ ಡಿಸೆಂಬರ್ ಗಾಳಿ ಒಂದು ಕಡೆ ಇರಲಿ, ರಾತ್ರಿಯಿಡೀ ಸಿಮೆಂಟ್ ನೆಲದ ಥಂಡಿಯಲ್ಲಿ ಮಲಗಿದರೆ ವಯಸ್ಸಾಗಿ ಕೀಲು ನೋವಿರುವ ನಾಯಿ ಬೆಳಿಗ್ಗೆ ಏಳುವುದಕ್ಕೇ ಒದ್ದಾಡುತ್ತದೆ, ಅಲ್ವಾ? ಮಂಚ ನೆಲದಿಂದ ಒಂದು ಗೇಣು ಮೇಲಿದೆ. ಆದರೆ ಬರೀ ಕ್ಯಾನ್ವಾಸ್ ಸಾಲದು, ಕೆಳಗಿನಿಂದ ಗಾಳಿ ಆಡುತ್ತದೆ. ಗೋಣಿಚೀಲ, ಅದರ ಮೇಲೊಂದು ಹಳೇ ಕಂಬಳಿ ಹಾಸಿದ ಮೇಲೆ ನಮ್ಮವಳು ಮುದುಡಿಕೊಳ್ಳದೆ ಕಾಲು ಚಾಚಿ ಮಲಗುತ್ತಾಳೆ, ನೋಡೋಕೇ ಖುಷಿ.

ಸ್ವೆಟರ್ ಪರವಾಗಿಲ್ಲ. ಮುಧೋಳದಂಥ ಗಿಡ್ಡ ಕೂದಲಿನ ತೆಳ್ಳನೆ ನಾಯಿಗೆ ಬೇಕು, ದಟ್ಟ ಕೂದಲಿನ ಪೊಮೆರೇನಿಯನ್‌ಗೆ ಸುಮ್ನೆ ದುಡ್ಡು ದಂಡ. ಅಳತೆಯದ್ದೇ ತೊಂದರೆ. ಮುಧೋಳಕ್ಕೆ ಎದೆ ಆಳ, ಸೊಂಟ ಸಣ್ಣ, ಹಾಗಾಗಿ ಎದೆಗೆ ಸರಿಹೋದದ್ದು ಹೊಟ್ಟೆ ಹತ್ತಿರ ಜೋತಾಡುತ್ತದೆ. ನಾಯಿಯನ್ನೇ ಕರೆದುಕೊಂಡು ಹೋಗಿ ಹಾಕಿ ನೋಡಿ, ಕತ್ತಿನ ಹತ್ತಿರ ಎರಡು ಬೆರಳು ಸಲೀಸಾಗಿ ಹೋಗಬೇಕು. ಮಂಜಿನಲ್ಲಿ ಒದ್ದೆಯಾದರೆ ತಕ್ಷಣ ತೆಗೆದುಬಿಡಿ, ಒದ್ದೆ ಬಟ್ಟೆಯಿಂದ ಚಳಿ ಇನ್ನೂ ಜಾಸ್ತಿಯಾಗುತ್ತದೆ. ಬಿಸಿಲೇರಿದ ಮೇಲೂ ಬೇಡ.

ನಾಯಿಯ ಮೈಶಾಖ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 37ಕ್ಕಿಂತ ಇಳಿದು ನಾಯಿ ನಡುಗುತ್ತಾ ಮಂಕಾಗಿದ್ದರೆ ಸ್ವೆಟರ್ ನಂಬಿ ಕೂರಬೇಡಿ, ಪಶು ಆಸ್ಪತ್ರೆಗೆ ಹೋಗಿ. ಕೀಲು ನೋವಿಗೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು.