ಬಕೆಟ್, ಪಂಪು, ಪೈಪು: ಮಣ್ಣಿಲ್ಲದೆ ಸೊಪ್ಪು ಬೆಳೆಯಲು ಮನೆಗೆ ಯಾವುದು ಸರಿ?

ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ. ಕುಂಡದ ಮಣ್ಣು ನೀರು ಸೋರಿ ತಾರಸಿ ಕಲೆಯಾಗುತ್ತದೆ ಅಂತ ಮಾಲೀಕರಿಗೆ ಚಿಂತೆ. ಹಾಗಾಗಿ ನೀರಿನಲ್ಲೇ ಸೊಪ್ಪು ಬೆಳೆಯೋಣ ಅಂತ ಹೊರಟೆ. ಒಂದು ವರ್ಷ ಮೂರು ವಿಧಾನಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ.

ಮೊದಲನೆಯದು ಕ್ರಾಟ್ಕಿ ವಿಧಾನ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರಿಂದ ಬಂದ ಹೆಸರು. ಪಂಪು ಬೇಡ, ಕರೆಂಟು ಬೇಡ. ಮುಚ್ಚಳವಿರುವ 20 ಲೀಟರ್ ಬಕೆಟ್, ಮುಚ್ಚಳದಲ್ಲಿ 4 ತೂತು, ತೂತಿಗೊಂದು 2 ಇಂಚಿನ ನೆಟ್ ಪಾಟ್ (ಬುಟ್ಟಿಯ ಹಾಗೆ ತೂತುತೂತಾದ ಪುಟ್ಟ ಕುಂಡ), ಅದರಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪಾಲಕ್ ಸಸಿ. ಗೊಬ್ಬರ ಬೆರೆಸಿದ ನೀರು ತುಂಬಿಸಿಟ್ಟರೆ ಆಯಿತು. ಗಿಡ ಕುಡಿದಂತೆಲ್ಲ ನೀರು ಇಳಿಯುತ್ತದೆ, ಮೇಲೆ ಗಾಳಿಗೆ ಜಾಗವಾಗುತ್ತದೆ. ಮುಚ್ಚಳ ಎತ್ತಿ ನೋಡಿದರೆ ಗೊತ್ತಾಗುತ್ತದೆ: ಮೇಲಿನ ಬೇರು ಹತ್ತಿಯ ಎಳೆಯ ಹಾಗೆ ನವಿರಾಗಿ ಕವಲೊಡೆದಿರುತ್ತದೆ, ಕೆಳಗಿನದು ಉದ್ದಕ್ಕೆ ನೀರಿಗೆ ಇಳಿದಿರುತ್ತದೆ. ಆ ಮೇಲಿನ ಬೇರೇ ಗಿಡಕ್ಕೆ ಉಸಿರು. ನೀರು ಕಮ್ಮಿಯಾಯಿತಲ್ಲ ಅಂತ ಮೊದಲ ಸಲ ಕಂಠದವರೆಗೆ ತುಂಬಿಸಿದೆ. ಎರಡೇ ದಿನದಲ್ಲಿ ನಾಲ್ಕೂ ಗಿಡ ಬಾಡಿದವು. ಈಗ ತುಂಬಿಸಲೇಬೇಕಾದರೆ ತಳದಲ್ಲಿ ಸ್ವಲ್ಪ ಮಾತ್ರ ಹಾಕುತ್ತೇನೆ.

ಎರಡನೆಯದಕ್ಕೂ ಅದೇ ಬಕೆಟ್, ಜೊತೆಗೆ ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು. ನೀರಿನಲ್ಲಿ ಸದಾ ಗುಳ್ಳೆ ಏಳುತ್ತಿರುತ್ತದೆ. ಲೆಟಿಸ್ ಪಂಪಿಲ್ಲದ ಬಕೆಟ್ಟಿಗಿಂತ ಸುಮಾರು ಒಂದು ವಾರ ಮೊದಲೇ ಕೊಯ್ಲಿಗೆ ಬಂತು. ಪುದೀನ ಅಂತೂ ಕತ್ತರಿಸಿದಷ್ಟೂ ಚಿಗುರಿತು. ತೊಂದರೆ ಬಂದದ್ದು ಏಪ್ರಿಲ್‌ನಲ್ಲಿ. ಬಕೆಟ್ ನೀರು 31 ಡಿಗ್ರಿ ಮುಟ್ಟಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ ನಿಲ್ಲುತ್ತದೆ, ಪಂಪು ಓಡುತ್ತಿದ್ದರೂ ಅಷ್ಟೇ. ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಯಿತು, ಕೊಳೆತ ವಾಸನೆ ಬಂತು. ಒದ್ದೆ ಗೋಣಿಚೀಲ ಸುತ್ತಿ ಹಸಿರು ನೆರಳುಬಲೆ ಕಟ್ಟಿದ ಮೇಲೆ ಹೊಸ ಬೆಳ್ಳನೆಯ ಬೇರು ಬಂತು.

ಮೂರನೆಯದು ಎನ್‌ಎಫ್‌ಟಿ, ಅಂದರೆ ಪೈಪಿನಲ್ಲಿ ತೆಳ್ಳಗೆ ನೀರು ಹರಿಸುವುದು. 10 ಅಡಿ ಪಿವಿಸಿ ಪೈಪಿಗೆ ಸುಮಾರು 3 ಇಂಚು ಇಳಿಜಾರು ಕೊಟ್ಟು 4 ಸಾಲು ಮಾಡಿದೆ. ನೋಡಲು ಇದರಷ್ಟು ಚಂದ ಯಾವುದೂ ಇಲ್ಲ, ಜಾಗಕ್ಕೆ ಹೋಲಿಸಿದರೆ ಬೆಳೆಯೂ ಇದರಲ್ಲೇ ಜಾಸ್ತಿ. ಆದರೆ ಪೈಪಿನಲ್ಲಿ ನಿಂತ ನೀರೇ ಇರುವುದಿಲ್ಲ ಅಲ್ವಾ, ಪಂಪು ನಿಂತರೆ ಬೇರು ಒಣಗುತ್ತದೆ. ಒಂದು ಮಧ್ಯಾಹ್ನ ನಾನು ಕೆಲಸಕ್ಕೆ ಹೋಗಿದ್ದಾಗ ಮೂರು ಗಂಟೆ ಕರೆಂಟು ಇರಲಿಲ್ಲ. ಸಂಜೆ ಬಂದು ನೋಡಿದರೆ ಲೆಟಿಸ್ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಪೈಪಿಗೆ ಅಂಟಿಕೊಂಡಿದ್ದವು. ಅರ್ಧಕ್ಕರ್ಧ ಗಿಡ ಉಳಿಯಲಿಲ್ಲ. ತುಂಬಾ ಬೇಜಾರಾಯಿತು.

ವಿಧಾನಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನೀರು. ನಮ್ಮ ಬೋರ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪಿನ ಅಳತೆ, 600 ದಾಟುತ್ತದೆ. ಗೊಬ್ಬರ ಹಾಕುವ ಮೊದಲೇ ಅಷ್ಟು ಉಪ್ಪು ಇದ್ದರೆ ಗಿಡಕ್ಕೆ ಬೇಕಾದದ್ದಕ್ಕೆ ಜಾಗವೆಲ್ಲಿ? ಅದರ ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ) ಕೂಡ ಇಳಿಸಿದಷ್ಟೂ ಮತ್ತೆ ಏರುತ್ತಿತ್ತು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದು ತಿಳಿಯಿರಿ. ಪಿಎಚ್ ಏರಿದ್ದರಿಂದ ನಮ್ಮಲ್ಲಿ ಆದದ್ದು ಅದೇ. ಈಗ ಕಾವೇರಿ ನೀರು ಬಂದ ದಿನ ಹಿಡಿದಿಟ್ಟುಕೊಂಡು, ಪಿಎಚ್ 6ರ ಆಸುಪಾಸಿಗೆ ತಂದು ಬಳಸುತ್ತೇನೆ. ಈ ಗೊಬ್ಬರ ಎ ಮತ್ತು ಬಿ ಅಂತ ಎರಡು ಭಾಗವಾಗಿ ಬರುತ್ತದೆ, ಅವನ್ನು ನೀರಿಗೆ ಹಾಕದೆ ಒಂದಕ್ಕೊಂದು ನೇರವಾಗಿ ಬೆರೆಸಲೇಬೇಡಿ. ಕ್ಯಾಲ್ಸಿಯಂ ಸುಣ್ಣದ ಹಾಗೆ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ.

ಬಕೆಟ್ಟಿಗೆ ಹೊರಗಿನಿಂದ ಕಪ್ಪು ಬಣ್ಣ ಬಳಿಯಿರಿ, ಇಲ್ಲವಾದರೆ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ. ಮುಚ್ಚಳದಲ್ಲಿ ಸಂದು ಬಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಡೆಂಗಿ ಕಾಲದಲ್ಲಿ ಇದನ್ನು ಸುಮ್ನೆ ಬಿಡುವ ಹಾಗಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಪಂಪಿಲ್ಲದ ಬಕೆಟ್ಟನ್ನೇ. ಪಾಲಕ್ಕಿಗೆ ಅದು ಧಾರಾಳ ಸಾಕು. ಪುದೀನ, ಲೆಟಿಸ್ ಬೇಕೆಂದರೆ ಗಾಳಿ ಪಂಪು ಸೇರಿಸಿ. ಪೈಪನ್ನು ಇನ್ವರ್ಟರ್ ಇದ್ದು, ಹಗಲು ಮನೆಯಲ್ಲಿ ಯಾರಾದರೂ ಇರುವವರು ಮಾತ್ರ ಹಾಕಿಸಿಕೊಳ್ಳಿ. ನನ್ನ ಪೈಪುಗಳನ್ನು ಅಂಥ ಗೆಳೆಯನಿಗೆ ಕೊಟ್ಟೆ, ಅವನ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ.