ನಾಲ್ಕು ಮಳೆಗಾಲ ಕಂಡ ಏರ್ ಡ್ರೈಯರ್: ಗೇರುಬೀಜ ಫ್ಯಾಕ್ಟರಿಯ ಅನುಭವ

ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಫ್ಯಾಕ್ಟರಿ. ಬಣ್ಣ ನೋಡಿ ಬೀಜ ಬೇರೆ ಮಾಡುವ ಕಲರ್ ಸಾರ್ಟರ್‌ಗೆ ಗಾಳಿ ಕೊಡಲು 15 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಇದೆ, ಸುಮಾರು 60 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ಅದಕ್ಕೆ 2021ರಲ್ಲಿ ಗಾಳಿಯ ತೇವ ತೆಗೆಯುವ, ಫ್ರಿಜ್ ಮಾದರಿಯ ಏರ್ ಡ್ರೈಯರ್ ಹಾಕಿಸಿದೆವು. ಕಂಪನಿ ಹೆಸರು ಹೇಳುವುದಿಲ್ಲ. ಈ ಅಳತೆಯಲ್ಲಿ ಯಾರ ಡಬ್ಬಿ ಬಿಚ್ಚಿದರೂ ಒಳಗೆ ಹೆಚ್ಚುಕಮ್ಮಿ ಒಂದೇ ಸಾಮಾನು.

ಅದಕ್ಕೂ ಮುಂಚೆ ಡ್ರೈಯರ್ ಇರಲಿಲ್ಲ. ದಿನಕ್ಕೊಮ್ಮೆ ಕಂಪ್ರೆಸರಿನ ಗಾಳಿ ತುಂಬುವ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿ ನೀರು ಬಿಟ್ಟರೆ ಆಯಿತು ಅಂದುಕೊಂಡಿದ್ದೆವು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಿಗ್ಗೆ ಒಳ್ಳೆ ಬಿಳಿ ಬೀಜದ ಟ್ರೇಯಲ್ಲಿ ಕಂದು ಚುಕ್ಕೆಗಳು. ಬೆರಳಲ್ಲಿ ಒರೆಸಿದರೆ ಜಿಡ್ಡು, ಮೂಸಿದರೆ ತುಕ್ಕಿನ ವಾಸನೆ. ಸಾರ್ಟರಿನಲ್ಲಿ ಬೀಜ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತದೆ, ಕೆಟ್ಟದ್ದು ಕಂಡರೆ ಎಜೆಕ್ಟರ್ ಟಿಕ್ ಅಂತ ಗಾಳಿ ಹೊಡೆದು ಆಚೆ ತಳ್ಳುತ್ತದೆ. ಆ ಗಾಳಿಯ ಜೊತೆಗೇ ನೀರು, ಎಣ್ಣೆ, ತುಕ್ಕು ಎಲ್ಲ ಬರುತ್ತಿತ್ತು. ಆ ತಿಂಗಳು ಎಜೆಕ್ಟರ್‌ಗಳೂ ಒಂದೊಂದಾಗಿ ಹಿಡಿದುಕೊಂಡವು.

ಇಷ್ಟು ನೀರು ಎಲ್ಲಿಂದ ಅಂತ ಲೆಕ್ಕ ಹಾಕಿದೆ. 30 ಡಿಗ್ರಿಯ ಮಳೆಗಾಲದ ಗಾಳಿ, ತೇವ ಶೇಕಡಾ 85 ಅಂದರೆ ಒಂದು ಘನ ಮೀಟರಿಗೆ ಸುಮಾರು 25 ಗ್ರಾಂ ಆವಿ. ನಮ್ಮ ಕಂಪ್ರೆಸರ್ ಗಂಟೆಗೆ 100 ಘನ ಮೀಟರ್ ಎಳೆಯುತ್ತದೆ. ಎಂಟು ಗಂಟೆ ನಿಲ್ಲದೆ ಓಡಿದರೆ 20 ಲೀಟರ್. ಒಂದು ಕೊಡ ನೀರನ್ನು ನಾವೇ ಕಾಸು ಕೊಟ್ಟು ಒಳಗೆ ತುಂಬಿಸಿಕೊಳ್ಳುತ್ತಿದ್ದೇವೆ! ಎಂಟು ಪಾಲು ಗಾಳಿಯನ್ನು ಒಂದು ಪಾಲಿಗೆ ಒತ್ತಿ, ಅದು ತಣ್ಣಗಾದರೆ ಆವಿ ನೀರಾಗಲೇಬೇಕಲ್ವಾ?

ಡ್ರೈಯರ್ ಮಾಡುವುದು ಇಷ್ಟೇ. ಗಾಳಿಯನ್ನು 3 ಡಿಗ್ರಿ ತನಕ ತಣ್ಣಗೆ ಮಾಡಿ, ಉದುರಿದ ನೀರನ್ನು ಹೊರಗೆ ಬಿಡುತ್ತದೆ.

ಮೊದಲ ತಪ್ಪು ಅಳತೆಯಲ್ಲಿ. ಡೀಲರ್ 60ಕ್ಕೆ 60 ಅಂತ ಸಮಸಮ ಕೊಟ್ಟರು. ಕ್ಯಾಟಲಾಗಿನ 60 ಸಿಎಫ್‌ಎಂ ಲೆಕ್ಕ ಒಳಬರುವ ಗಾಳಿ 35 ಡಿಗ್ರಿ, ಸುತ್ತಲಿನ ಗಾಳಿ 25 ಡಿಗ್ರಿ ಇದ್ದಾಗಿನದು. ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ನಮ್ಮ ಶೀಟ್ ಮಾಡಿನ ಕೆಳಗೆ ಏಪ್ರಿಲ್‌ನಲ್ಲಿ 36 ಡಿಗ್ರಿ, ಕಂಪ್ರೆಸರಿನಿಂದ ಬರುವ ಗಾಳಿ 48. ಪಾಪ, ಡ್ರೈಯರ್ ಏನು ಮಾಡೀತು? ಮೇ ತಿಂಗಳಲ್ಲಿ, 3ರ ಹತ್ತಿರ ಇರಬೇಕಾದ ಡಿಸ್‌ಪ್ಲೇ 12 ಡಿಗ್ರಿಗೆ ಏರಿತು. ಜಗಳ ಮಾಡಿ, ಮೇಲೆ ಹಣ ಕಟ್ಟಿ, 100 ಸಿಎಫ್‌ಎಂನದ್ದಕ್ಕೆ ಬದಲಿಸಿಕೊಂಡೆ. ಡ್ರೈಯರನ್ನು ಕಂಪ್ರೆಸರ್ ಕೋಣೆಯಿಂದ ಹೊರಗೆ, ನೆರಳಿನಲ್ಲಿ ಇಟ್ಟೆವು. ಟ್ಯಾಂಕನ್ನೂ ಅಲ್ಲಿಗೇ ತಂದೆವು. ಅರ್ಧಕ್ಕಿಂತ ಜಾಸ್ತಿ ನೀರು ಈಗ ಟ್ಯಾಂಕಿನಲ್ಲೇ ಇಳಿಯುತ್ತದೆ.

ಎರಡನೇ ಮಳೆಗಾಲದಲ್ಲಿ ಮತ್ತೆ ಲೈನಿನಲ್ಲಿ ನೀರು. ಡಿಸ್‌ಪ್ಲೇ ಮಾತ್ರ 4 ಡಿಗ್ರಿ ತೋರಿಸುತ್ತಿದೆ! ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಡ್ರೈಯರಿನ ನೀರು ಹೊರಬಿಡುವ ಡ್ರೇನ್ ಪೈಪಿನ ಬಾಯಿಗೆ ಬೆರಳಿಟ್ಟು ನೋಡಿದ. ಒಣಗಿತ್ತು. ಹೊತ್ತು ಹೊತ್ತಿಗೆ ಡ್ರೇನ್ ತೆರೆಯುವ ಟೈಮರ್ ಟಕ್ ಟಕ್ ಅನ್ನುತ್ತಿದೆ, ಹನಿ ನೀರಿಲ್ಲ. ಬಿಚ್ಚಿದರೆ ಜಾಲರಿಯಲ್ಲಿ ಒಂದು ಚಿಟಿಕೆ ತುಕ್ಕಿನ ಕೆಸರು. ಡ್ರೈಯರ್ ಹಿಂಡಿದ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಗಾಳಿಯ ಜೊತೆಗೇ ಮುಂದೆ ಹೋಗುತ್ತಿತ್ತು. ಡಿಸ್‌ಪ್ಲೇ ತೋರಿಸುವುದು ಒಳಗಿನ ತಂಪನ್ನು, ಗಾಳಿಯ ತೇವವನ್ನಲ್ಲ. ಇದನ್ನು ಮಾರುವಾಗ ಯಾರೂ ಹೇಳಲಿಲ್ಲ.

ಟೈಮರ್ ಡ್ರೇನ್ ತೆಗೆದು, ನೀರು ತುಂಬಿದಾಗ ಮಾತ್ರ ತೆರೆಯುವ ಲೆವೆಲ್ ಡ್ರೇನ್ ಹಾಕಿದೆವು. ಸುಮ್ನೆ ಗಾಳಿ ಪೋಲಾಗುವುದೂ ನಿಂತಿತು. ಈಗ ಬೆಳಿಗ್ಗೆ ಟೆಸ್ಟ್ ಬಟನ್ ಒತ್ತಿ, ಕೆಳಗಿನ ಬಕೆಟಿಗೆ ನೀರು ಬಿದ್ದದ್ದು ನೋಡಿಯೇ ಸಾರ್ಟರ್ ಶುರು. ಆ ನೀರಿನಲ್ಲಿ ಎಣ್ಣೆ ಇರುತ್ತದೆ, ಹಾಲಿನ ಹಾಗೆ ಬೆಳ್ಳಗೆ. ತೋಡಿಗೆ ಬಿಡಬೇಡಿ.

ಉಳಿದದ್ದೆಲ್ಲ ಚಿಲ್ಲರೆ. ಗೇರುಬೀಜದ ಸಿಪ್ಪೆಯ ಧೂಳು ಡ್ರೈಯರಿನ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ ಮೆತ್ತಿಕೊಳ್ಳುತ್ತದೆ, ವಾರಕ್ಕೊಮ್ಮೆ ಊದಬೇಕು. ಕರೆಂಟ್ ಹೋಗಿ ಬಂದರೆ ಮೂರು ನಿಮಿಷ ಬಿಟ್ಟು ಆನ್ ಮಾಡಿ. ಗಾಳಿಯಲ್ಲಿನ ಎಣ್ಣೆ ಹಿಡಿಯುವ ಆಯಿಲ್ ಫಿಲ್ಟರ್ ಎಲಿಮೆಂಟ್ ವರ್ಷಕ್ಕೊಂದು. ನಾಲ್ಕನೇ ವರ್ಷ ಫ್ಯಾನ್ ಮೋಟಾರ್ ಹೋಯಿತು, ಒಂದು ದಿನದ ಕೆಲಸ ನಿಂತಿತು.

ತೇವ ಹೀರುವ ಹರಳು ತುಂಬಿದ ಡೆಸಿಕಂಟ್ ಡ್ರೈಯರ್ ತಗೊಳ್ಳಿ, ಮೈನಸ್ 40 ಡಿಗ್ರಿ ತನಕ ನೀರಿಳಿಯದಷ್ಟು ಒಣ ಗಾಳಿ ಸಿಗುತ್ತದೆ ಅಂತ ಕೆಲವರು ಹೇಳಿದರು. ಹೀಟರ್ ಇಲ್ಲದ ಮಾದರಿಯಾದರೆ ತನ್ನನ್ನು ಒಣಗಿಸಿಕೊಳ್ಳಲಿಕ್ಕೇ ಶೇಕಡಾ 15ರ ಆಸುಪಾಸು ಗಾಳಿ ತಿನ್ನುತ್ತದೆ. ಔಷಧಿ ಮಾಡುವವರ ಮಾತು ಬೇರೆ. ನಮ್ಮ ಡ್ರೈಯರ್ ದಾಟಿದ ಗಾಳಿಯಿಂದ ಮತ್ತೆ ನೀರು ಇಳಿಯಬೇಕಾದರೆ ಪೈಪ್ 3 ಡಿಗ್ರಿಗಿಂತ ತಣ್ಣಗಾಗಬೇಕು. ಕಾರ್ಕಳದಲ್ಲಿ ಯಾವ ಚಳಿಗಾಲಕ್ಕೂ ಪೈಪ್ 3 ಡಿಗ್ರಿಗೆ ಇಳಿಯುವುದಿಲ್ಲ, ನಮ್ಮ ಸಾರ್ಟರಿಗೆ ಇದೇ ಸಾಕು.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಆ ಟೈಮರ್ ಡ್ರೇನಿನದು. ಮುಂದಿನ ಮಳೆಗೆ ಮುಂಚೆ ಟ್ಯಾಂಕಿನಿಂದ ಡ್ರೈಯರ್ ತನಕದ ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಕಿತ್ತು ಅಲ್ಯೂಮಿನಿಯಂ ಹಾಕಿಸಬೇಕು. ಆ ಕೆಸರು ಬಂದದ್ದು ಅಲ್ಲಿಂದಲೇ ಅಂತ ನನ್ನ ಗುಮಾನಿ.