ಬೀಟಲ್ ಬ್ಯಾರಲ್‌ಗಳನ್ನು ಕಂಡಕಂಡ ಲೇತ್‌ಗೆ ಕೊಡಬೇಡಿ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡು ಎಂಜಿನ್ ಬಿಚ್ಚಿಸಲು ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ 1192 ಸಿಸಿ ಎಂಜಿನ್ನಿನ ನಾಲ್ಕೂ ಬ್ಯಾರಲ್‌ಗಳನ್ನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್‌ಗಳನ್ನು, ಬೆಂಗಳೂರಿನ ಒಂದು ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಅಗಲಿಸುವ) ಅಂಗಡಿ ಹಾಳು ಮಾಡಿತು. ಅಂಗಡಿಯ ಹೆಸರು ಬೇಡ. ಅಲ್ಲಿ ಕೆಲಸ ನಡೆದ ರೀತಿ ಇನ್ನೂ ಎಷ್ಟೋ ಕಡೆ ನಡೆಯುತ್ತಿದೆ. ಅದನ್ನು ಗುರುತಿಸಲು ಬಂದರೆ ಸಾಕು.

"ಎಷ್ಟು ಅಂಬಾಸಿಡರ್ ಬೋರ್ ಮಾಡಿದ್ದೇನೆ ಸಾರ್, ಇದೇನು ಮಹಾ" ಎಂದರು ಯಜಮಾನರು. ತೊಂದರೆ ಶುರುವಾಗುವುದೇ ಇಲ್ಲಿ. ಅಂಬಾಸಿಡರ್‌ನಲ್ಲಿ ನಾಲ್ಕೂ ಸಿಲಿಂಡರ್‌ಗಳು ಒಂದೇ ದಪ್ಪ ಎರಕದ ಬ್ಲಾಕಿನೊಳಗೆ ಇರುತ್ತವೆ. ಬೀಟಲ್ ಎಂಜಿನ್ನಿಗೆ ಗಾಳಿಯೇ ತಂಪು, ಹಾಗಾಗಿ ಪ್ರತಿ ಬ್ಯಾರಲ್ ಬಿಡಿಬಿಡಿ: ತೆಳುವಾದ ಗೋಡೆ, ಸುತ್ತಲೂ ಶಾಖ ಹೊರಹಾಕುವ ಫಿನ್‌ಗಳು. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಒಡಲು) ಮತ್ತು ಹೆಡ್ (ಸಿಲಿಂಡರಿನ ಮುಚ್ಚಳ) ನಡುವೆ ಅದನ್ನು ಹಿಡಿದಿಡುವುದು ಉದ್ದನೆಯ ಸ್ಟಡ್‌ಗಳ ಬಿಗಿತ ಮಾತ್ರ. ಆ ಬಿಗಿತಕ್ಕೆ ಬ್ಯಾರಲ್ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಅದಕ್ಕಾಗಿ ಬಲ್ಲವರು ಮೇಲೊಂದು, ಕೆಳಗೊಂದು ದಪ್ಪ ಟಾರ್ಕ್ ಪ್ಲೇಟ್ ಇಟ್ಟು, ಎಂಜಿನ್ನಿನಲ್ಲಿ ಇರುವಷ್ಟೇ ಬಿಗಿದು, ಆಮೇಲೆ ಹೋನಿಂಗ್ (ಉಜ್ಜುಗಲ್ಲಿನಿಂದ ರಂಧ್ರವನ್ನು ನಿಖರ ಅಳತೆಗೆ ತಿದ್ದುವುದು) ಮಾಡುತ್ತಾರೆ.

ಇವರು ಮಾಡಿದ್ದು ಬೇರೆ. ಬ್ಯಾರಲ್ಲಿನ ಬುಡವನ್ನು ಲೇತ್‌ನ ಮೂರು ದವಡೆಯ ಚಕ್‌ಗೆ ಸಿಕ್ಕಿಸಿ, ಜಾರದಿರಲೆಂದು ಬಲವಾಗಿ ಬಿಗಿದು, 77ರಿಂದ 77.5 ಮಿಲಿಮೀಟರಿಗೆ ಬೋರ್ ಮಾಡಿದರು. ಚಕ್‌ನಲ್ಲಿ ಇರುವವರೆಗೆ ರಂಧ್ರ ಗುಂಡಗೇ ಇತ್ತು. ಸಡಿಲಿಸಿದ ಕೂಡಲೇ ಗೋಡೆ ತನ್ನ ಜಾಗಕ್ಕೆ ಮರಳಿ, ರಂಧ್ರ ಮೂರು ಮೂಲೆಯಾಯಿತು. ಇದರ ಕುತಂತ್ರವೆಂದರೆ, ಅಂಥ ಆಕಾರವನ್ನು ಎದುರುಬದುರು ಎರಡು ಬಿಂದುಗಳಲ್ಲಿ ಅಳೆದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಅಳತೆ ಬರುತ್ತದೆ. ಅವರು ಹಿಡಿದಿದ್ದಂತೂ ವರ್ನಿಯರ್. ಪಿಸ್ಟನ್ನಿಗೂ ಗೋಡೆಗೂ ನಡುವೆ ಬೇಕಾದ ಅಂತರವೇ ಸುಮಾರು 0.05 ಮಿಲಿಮೀಟರ್, 0.02ರ ಲೆಕ್ಕದಲ್ಲಿ ಓದುವ ಸಾಧನದಿಂದ ಅದನ್ನು ಅಳೆಯುವುದು ಹೇಗೆ? ಕೊನೆಗೆ ಹೋನಿಂಗ್ ಬದಲು ಎಮರಿ ಕಾಗದದ ಉಜ್ಜು, ಪೆಟ್ರೋಲಿನ ಸ್ನಾನ. ಪೆಟ್ರೋಲ್ ಎಣ್ಣೆಯನ್ನು ತೊಳೆಯುತ್ತದೆ, ಗೀರುಗಳೊಳಗೆ ಕೂತ ಪುಡಿಯನ್ನು ಅಲ್ಲೇ ಬಿಡುತ್ತದೆ. ಬಿಸಿನೀರು, ಸಾಬೂನು, ಬ್ರಷ್ ಹಿಡಿದು, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಹತ್ತದಷ್ಟು ತೊಳೆದು, ತಕ್ಷಣ ಎಣ್ಣೆ ಸವರಬೇಕು.

ಮೊದಲ ದಿನದಿಂದಲೇ ನೀಲಿ ಹೊಗೆ. "ರಿಂಗ್ ಇನ್ನೂ ಕೂತಿಲ್ಲ, ಓಡಿಸಿ" ಎಂದರು ಯಜಮಾನರು; ರಿಂಗ್ ಎಂದರೆ ಪಿಸ್ಟನ್ನಿನ ಸುತ್ತ ಕೂತು ಗೋಡೆಗೆ ಒತ್ತುವ ಬಳೆ. ಓಡಿಸಿದಷ್ಟೂ ಎಣ್ಣೆ ಕುಡಿಯಿತು. ನಂದಿಬೆಟ್ಟದ ಏರಿನಲ್ಲಿ ಮೂರನೆಯ ಸಿಲಿಂಡರಿನ ಪಿಸ್ಟನ್ ಸೀಜ್ ಆಯಿತು, ಅಂದರೆ ಗೋಡೆಗೆ ಕಚ್ಚಿಕೊಂಡಿತು. ಮೂರನೆಯದೇ ಆದದ್ದು ಆಕಸ್ಮಿಕವೇನಲ್ಲ: ಆ ಕಾಲದ ಬೀಟಲ್‌ಗಳಲ್ಲಿ ಫ್ಯಾನಿನ ಗಾಳಿ ಆಯಿಲ್ ಕೂಲರ್ ಹಾದು, ಬಿಸಿಯಾಗಿಯೇ ಅದಕ್ಕೆ ತಲುಪುತ್ತದೆ. ಅಂತರ ಕಡಿಮೆಯಿದ್ದರೆ ಮೊದಲು ಹಿಡಿಯುವುದು ಅದೇ. ಅಂಗಡಿಯವರು ಮಾತ್ರ "ಹಳೆಯ ಗಾಡಿ ಸಾರ್, ನೀವು ಜೋರಾಗಿ ಓಡಿಸಿರಬೇಕು" ಎಂದು ಕೈ ತೊಳೆದುಕೊಂಡರು. ಹಣ ವಾಪಸ್ ಬರಲಿಲ್ಲ.

ದೋಷ ಹಿಡಿದದ್ದು ಬೇರೊಬ್ಬ ಹಿರಿಯ ಮೆಕ್ಯಾನಿಕ್, ಅದೂ ಒಂದು ಟಾರ್ಚ್‌ನಿಂದ. ರಿಂಗನ್ನು ಒಂಟಿಯಾಗಿ ಬ್ಯಾರಲ್ಲಿನೊಳಗೆ ಹಾಕಿ, ತಲೆಕೆಳಗಾದ ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಕತ್ತಲೆಯಲ್ಲಿ ಕೆಳಗಿನಿಂದ ಬೆಳಕು ಬಿಟ್ಟರು. ರಿಂಗಿನ ಬಾಯಿಯಲ್ಲಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದಿನಲ್ಲಿ ಮಾತ್ರ ಬೆಳಕು ಕಾಣಬೇಕಿತ್ತು. ನನ್ನ ಬ್ಯಾರಲ್‌ಗಳಲ್ಲಿ ಸುತ್ತಲೂ ಮೂರು ಕಡೆ ಬೆಳಕಿನ ಗೆರೆ ಎದ್ದು ಕಂಡಿತು. ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಬೋರ್ ಮಾಡಿಸಿದ ಬ್ಯಾರಲ್ ಕೈಗೆ ಬಂದ ದಿನವೇ ಮಾಡಿ, ಹಣ ಕೊಡುವ ಮೊದಲು.

ಕೆಲಸ ಒಪ್ಪಿಸುವಾಗ, ಬ್ಯಾರಲ್ಲನ್ನು ಯಾವುದರಲ್ಲಿ ಹಿಡಿಯುತ್ತೀರಿ ಎಂದು ಕೇಳಿ. ಉತ್ತರ "ಚಕ್" ಎಂದಾದರೆ ಎದ್ದು ಬನ್ನಿ. ಪಿಸ್ಟನ್‌ಗಳನ್ನು ಜೊತೆಗೇ ಕೊಡಿ. ಪ್ರತಿಯೊಂದರ ಸ್ಕರ್ಟನ್ನು (ಪಿಸ್ಟನ್ನಿನ ಕೆಳಭಾಗ) ಪಿಸ್ಟನ್ ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕಂತೆ ಅದರದೇ ಬ್ಯಾರಲ್ಲನ್ನು ಹೋನ್ ಮಾಡಬೇಕು. ಡಬ್ಬಿಯ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಬೋರ್ ಮಾಡುವವರು ಬೇಡ. ಮೇಲಿನ ಅಂಚು ರಂಧ್ರಕ್ಕೆ ಸರಿಯಾಗಿ ಲಂಬವಾಗಿದೆಯೇ ಎಂಬುದನ್ನೂ ನೋಡಿಸಿ. ಅದು ಓರೆಯಾದರೆ ಹೆಡ್ ಜಾಗದಿಂದ ಗ್ಯಾಸ್ ಸೋರುತ್ತದೆ.

78 ಮಿಲಿಮೀಟರಿಗೆ ಮತ್ತೊಮ್ಮೆ ಬೋರ್ ಮಾಡಿಸಬಹುದಿತ್ತು, ಆದರೆ ಮೂರನೆಯದರ ಗೀರು ಅದಕ್ಕಿಂತ ಆಳವಾಗಿತ್ತು. ಕಡೆಗೆ ಹೊರದೇಶದಿಂದ ಪಿಸ್ಟನ್ ಸಮೇತ ಹೊಸ ಬ್ಯಾರಲ್ ಸೆಟ್ ತರಿಸಿದೆ. ಸುಂಕದ ಮಾತು ಬೇಡ. ಹೊಸದಕ್ಕೂ ಟಾರ್ಚ್ ಹಿಡಿದೆವು. ರಿಂಗಿನ ಬಾಯಿ ಬಿಟ್ಟರೆ ಬೆಳಕು ಎಲ್ಲೂ ಕಾಣಲಿಲ್ಲ, ಆದರೆ ಒಂದು ರಿಂಗಿನ ಬಾಯಿ ಬೇಕಾದ 0.30 ಮಿಲಿಮೀಟರಿಗಿಂತ ಕಿರಿದಾಗಿತ್ತು. ಅರದಲ್ಲಿ ಉಜ್ಜಿ ಸರಿಮಾಡಿ ಜೋಡಿಸಿದೆವು.